ದೇವದಾರು ವಿಚಾರ

ಸಂಸ್ಕೃತ ಕಾವ್ಯಗಳನ್ನು ಪಾಠಹೇಳುವವರಿಗೆಲ್ಲ ಪರಿಚಿತವಾದ ಒಂದು ಕಷ್ಟವುಂಟು. ಮೂಲದಲ್ಲಿ ಒಂದು ಮರದ ಹೆಸರು ಬರುತ್ತದೆ. ವ್ಯಾಖ್ಯಾನವನ್ನು ತೆರೆದು ನೋಡಿದರೆ ‘ವೃಕ್ಷವಿಶೇಷ’ವೆಂದು ಬರೆದಿರುತ್ತದೆ. ಅಧ್ಯಾಪಕನು ‘ಒಂದು ಬಗೆಯ ಮರ’ ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಾನೆ. ವಿದ್ಯಾರ್ಥಿಯು ಅದನ್ನೇ ಬರೆದುಕೊಳ್ಳುತ್ತಾನೆ. ವ್ಯಾಖ್ಯಾನಕಾರನಿಗೆ ಆ ಮರವು ಗೊತ್ತಿದ್ದಿತೋ ಇಲ್ಲವೋ, ಕವಿಗಂತೂ ಗೊತ್ತಿದ್ದಿತು. ಆ ಹೆಸರನ್ನು ಅವನು ಛಂದಸ್ಸಿನ ಅನುಕೂಲಕ್ಕಾಗಿ ಮಾತ್ರ ಆರಿಸಿಕೊಂಡನೆಂದು ತಿಳಿಯುವುದು ಮಹಾಕವಿಗಳ ವಿಷಯದಲ್ಲಿ ಅನ್ಯಾಯವಾದೀತು.

ದೇವದಾರುವಿನ ವಿಷಯದಲ್ಲಿ ಈ ಕಷ್ಟವು ಇಮ್ಮಡಿಯಾದುದು. ಏಕೆಂದರೆ ಇಲ್ಲಿ ಅರ್ಥವು ತಿಳಿಯದಿರುವುದಕ್ಕಿಂತ, ತಪ್ಪಾದ ಅರ್ಥವು ತಿಳಿದಂತೆ ತೋರುವುದೇ ಹೆಚ್ಚು. ಈ ಲೇಖಕನು ಪಾಠಶಾಲೆಯಲ್ಲಿ ರಘುವಂಶವನ್ನು ಓದುತ್ತಿದ್ದಾಗ, ದೇವದಾರುವೆಂದರೆ ಊರ ಹೊರಗಣ ಕುರುಚಲು ಕಾಡಿನಲ್ಲಿ ಬೆಳೆಯುವ, ತಿರುಳಿನಲ್ಲಿ ಸುವಾಸನೆಯುಳ್ಳ ಒಂದು ಗಿಡ್ಡ ಮರವೆಂದು ಕೇಳಿ ನಂಬಿದ್ದನು. ಆ ನಂಬಿಕೆಯು ಬಹುಕಾಲ ಉಳಿದಿದ್ದಿತು. ಗಂಗೋತ್ರಿಯಾತ್ರೆಯ ಮಾರ್ಗದಲ್ಲಿ ಹರ್ಸಿಲದ ಬಳಿ ನಿಜವಾದ ದೇವದಾರುಬನವನ್ನೂ, ಅಲ್ಲಿಯ ಬಡಗಿಯೊಬ್ಬನು ಹಲಗೆಯನ್ನು ಕೀಸುತ್ತಿದ್ದುದನ್ನೂ ಕಂಡ ಮೇಲೆ, ತಾನು ಕಾವ್ಯವನ್ನು ಎಷ್ಟು ಕುರುಡಾಗಿ ಓದಿದ್ದೆನೆಂಬುದು ಅವನಿಗೆ ಅರಿವಾಯಿತು. ಆ ಮರದ ಹೆಸರು, ಲಕ್ಷಣ, ಅದರ ದಾರುವಿನ ಗುಣ ಮತ್ತು ಉಪಯೋಗಗಳನ್ನು ಕ್ರಮವಾಗಿ ನಿರೂಪಿಸಿ, ಅವುಗಳಿಂದ ಕೆಲವು ಕಾವ್ಯಸ್ಥಳಗಳ ಅರ್ಥವು ಹೇಗೆ ಸ್ಪಷ್ಟವಾಗುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

1. ನಾಮವಿಚಾರ

ಅಮರಸಿಂಹನು ವನೌಷಧಿವರ್ಗದಲ್ಲಿ ದೇವದಾರುವಿಗೆ ಶಕ್ರಪಾದಪ, ಪಾರಿಭದ್ರಕ, ಭದ್ರದಾರು, ದ್ರುಕಿಲಿಮ, ಪೀತದಾರು, ದಾರು, ಪೂತಿಕಾಷ್ಠ ಎಂದು ಏಳು ಪರ್ಯಾಯಗಳನ್ನು ಹೇಳಿರುವನು. ಭಾವಪ್ರಕಾಶದಲ್ಲಿ ಇಂದ್ರದಾರು, ಸುರಭೂರುಹ ಮೊದಲಾದವು ಸೇರುತ್ತವೆ. ಈ ಹೆಸರುಗಳನ್ನು ಎರಡು ಗುಂಪಾಗಿ ವಿಂಗಡಿಸಬಹುದು. ಶಕ್ರಪಾದಪ, ಇಂದ್ರದಾರು, ಸುರಭೂರುಹ, ದೇವದಾರು ಎಂಬುವು ಪೂಜ್ಯತೆಯನ್ನು ಸೂಚಿಸುತ್ತವೆ. ಪೀತದಾರು, ಪೂತಿಕಾಷ್ಠ, ದಾರು ಎಂಬುವಾದರೋ ಮರವನ್ನು ಕಡಿದು ಸೀಳಿ ನೋಡಿದವನು ಇಟ್ಟ ಹೆಸರುಗಳು: ಒಂದು ಬಣ್ಣವನ್ನೂ, ಒಂದು ತೀಕ್ಷ್ಣವಾದ ವಾಸನೆಯನ್ನೂ ಹೇಳುತ್ತದೆ, ಮೂರನೆಯದು ಯಾವ ವಿಶೇಷಣವೂ ಇಲ್ಲದೆ ‘ಮರಮುಟ್ಟು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಸಾಮಾನ್ಯವಾಚಕವಾದ ಶಬ್ದವೇ ಒಂದು ವಸ್ತುವಿಗೆ ರೂಢಿಯಾಗಬೇಕಾದರೆ, ಆ ವಸ್ತುವು ತನ್ನ ಜಾತಿಯಲ್ಲಿ ಮುಖ್ಯವಾದುದಾಗಿರಬೇಕು. ಹಿಮವತ್ಪ್ರದೇಶದವರಿಗೆ ಕಟ್ಟಡದ ಮರವೆಂದರೆ ಇದೇ ಆಗಿದ್ದಿತೆಂಬುದಕ್ಕೆ ಈ ಒಂದು ಪರ್ಯಾಯವೇ ಸಾಕ್ಷಿ.

ಆದರೆ ಈ ಪರ್ಯಾಯಗಳೆಲ್ಲವೂ ದೇವದಾರುವೊಂದಕ್ಕೇ ಮೀಸಲಾದುವಲ್ಲ. ಪೂತಿಕಾಷ್ಠವೆಂಬುದನ್ನು ಅಮರನು ಸರಲವೃಕ್ಷಕ್ಕೂ ಹೇಳಿರುವನು. ಪೀತದ್ರುವೆಂಬುದು ಸರಲಕ್ಕೂ ಮರದರಿಸಿನಕ್ಕೂ ಸಲ್ಲುತ್ತದೆ. ಪಾರಿಭದ್ರಶಬ್ದವು ಬೇವಿಗೂ ಹಾಲಿವಾಣಕ್ಕೂ ಹೋಗುತ್ತದೆ. ಹೀಗಿರುವಲ್ಲಿ ಕೋಶವನ್ನು ಮಾತ್ರ ಹಿಡಿದು ವೃಕ್ಷವನ್ನು ನಿಶ್ಚಯಿಸುವುದು ಅಸಾಧ್ಯ. ಕೋಶವು ಶಬ್ದಗಳ ನಂಟನ್ನು ತಿಳಿಸುತ್ತದೆಯೇ ಹೊರತು ಮರವನ್ನು ಕಣ್ಣಿಗೆ ಕಾಣಿಸುವುದಿಲ್ಲ.

ಇನ್ನು ದೇಶಭಾಷೆಗಳ ಗೊಂದಲ. ವಿಂಧ್ಯದಿಂದ ದಕ್ಷಿಣಕ್ಕೆ ಆ ಮರವು ತಾನಾಗಿ ಬೆಳೆಯುವುದಿಲ್ಲ. ಹೆಸರು ಮಾತ್ರ ಬಂದಿತು. ಬಂದ ಹೆಸರು ನೆಲೆಯಿಲ್ಲದೆ ನಿಲ್ಲಲಾರದೆ ಇಲ್ಲಿಯ ಬೇರೆ ಮರಗಳನ್ನು ಆಶ್ರಯಿಸಿತು. ಕನ್ನಡ, ತೆಲುಗು, ತಮಿಳು ನಾಡುಗಳ ಒಣಗಾಡುಗಳಲ್ಲಿ ಬೆಳೆಯುವ, ಸಸ್ಯಶಾಸ್ತ್ರಜ್ಞರು ಎರಿಥ್ರೋಕ್ಸೈಲಮ್ ಮಾನೋಗೈನಮ್ ಎಂದು ಕರೆಯುವ ಸಣ್ಣ ಮರಕ್ಕೆ ಈ ಪ್ರಾಂತಗಳಲ್ಲಿ ದೇವದಾರು ಅಥವಾ ದೇವದಾರವೆಂಬ ಹೆಸರುಂಟು. ಅದರ ಚೇಗು ಕೆಂಗಂದು ಬಣ್ಣದ್ದು, ಗಟ್ಟಿ, ತೂಕವಾದುದು, ಪರಿಮಳವುಳ್ಳದ್ದು. ಶ್ರೀಗಂಧಕ್ಕೆ ಪ್ರತಿನಿಧಿಯಾಗಿಯೂ ಉಪಯೋಗಿಸುವುದುಂಟು. ವಂಗದೇಶದಲ್ಲಿಯಾದರೋ, ನಮ್ಮ ಉದ್ಯಾನಗಳಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಜನರು ತಪ್ಪಾಗಿ ಅಶೋಕವೆನ್ನುವ ಮರಕ್ಕೇ ದೇವದಾರುವೆಂಬ ಹೆಸರು ರೂಢಿಯಾಗಿದೆ. 1899ರಲ್ಲಿ ಪ್ರಕಟವಾದ ಮೋನಿಯರ್ ವಿಲಿಯಮ್ಸರ ಸಂಸ್ಕೃತಕೋಶವೂ ಹಿಮಾಲಯದ ವೃಕ್ಷವನ್ನು ಮೊದಲು ಹೇಳಿ, ಬಳಿಕ ಬೇರೆ ಎರಡು ಜಾತಿಯ ಮರಗಳನ್ನೂ ಆ ಶಬ್ದದ ಕೆಳಗೆ ಸೇರಿಸಿರುವುದು. ಮರಾಠಿಯ ರೂಢಿಯಲ್ಲಿ ಸರಕು ತುಂಬುವ ಹಗುರವಾದ ಬಿಳಿಮರದ ಪೆಟ್ಟಿಗೆಗೂ ದೇವದಾರಿನ ಹೆಸರು ಹತ್ತಿದೆ. ದೇವತೆಗಳ ಮರವು ಹೀಗೆ ಸಂತೆಯ ಪೆಟ್ಟಿಗೆಯವರೆಗೆ ಇಳಿದುಬಂದಿತು.

2. ವೃಕ್ಷಲಕ್ಷಣ

ನಿಜವಾದ ದೇವದಾರುವು ಶಂಕುವಿನಾಕಾರದ ಫಲವನ್ನು ಧರಿಸುವ ವೃಕ್ಷವರ್ಗಕ್ಕೆ ಸೇರಿದುದು. ವಿಲಿಯಂ ರಾಕ್ಸ್‌ಬರ್ಗನು ಇದನ್ನು ಪೈನಸ್ ಎಂಬ ಕುಲದಲ್ಲಿ ಸೇರಿಸಿ ದೇವದಾರಶಬ್ದವನ್ನೇ ಜಾತಿನಾಮವಾಗಿ ಇಟ್ಟನು. 1830ರಲ್ಲಿ ಜಾರ್ಜ್ ಡಾನನು ಸೀಡ್ರಸ್ ಎಂಬ ಕುಲಕ್ಕೆ ವರ್ಗಾಯಿಸಿದನು. ಅಂದಿನಿಂದ ಸೀಡ್ರಸ್ ದೇವದಾರ ಎಂಬುದೇ ಶಾಸ್ತ್ರೀಯ ನಾಮ. ಲೆಬನಾನ್ ಪರ್ವತದ ಪ್ರಸಿದ್ಧವೃಕ್ಷವೂ, ಉತ್ತರ ಆಫ್ರಿಕದ ಅಟ್ಲಾಸ್ ಪರ್ವತದ ವೃಕ್ಷವೂ ಇದರ ದಾಯಾದಿಗಳು. ನಮ್ಮ ಒಣಗಾಡಿನ ಗಿಡ್ಡ ‘ದೇವದಾರು’ವಿಗೆ ಶಾಸ್ತ್ರನಾಮವನ್ನಿತ್ತವನೂ ಅದೇ ರಾಕ್ಸ್‌ಬರ್ಗನೇ. ಲೋಕವು ಒಂದೇ ಹೆಸರಿನಿಂದ ಕರೆದ ಎರಡು ಮರಗಳನ್ನು ಒಬ್ಬನೇ ವಿದ್ವಾಂಸನು ಬೇರ್ಪಡಿಸಿ ಇಟ್ಟಿದ್ದರೂ ನಮ್ಮ ಪಾಠಗಳಲ್ಲಿ ಅವು ಇನ್ನೂ ಬೇರ್ಪಟ್ಟಿಲ್ಲ.

ಇದರ ನೆಲೆಯು ಆಫ್ಘಾನಿಸ್ತಾನದ ಪೂರ್ವಭಾಗದಿಂದ ಕಾಶ್ಮೀರ, ಹಿಮಾಚಲಪ್ರದೇಶ, ಉತ್ತರಾಖಂಡಗಳ ಮೂಲಕ ಪಶ್ಚಿಮ ನೇಪಾಳದವರೆಗೆ ವ್ಯಾಪಿಸಿದೆ. ಸಮುದ್ರಮಟ್ಟದಿಂದ ಸುಮಾರು 1500 ಮೀಟರಿನಿಂದ 3000 ಮೀಟರಿಗೆ ಮೇಲ್ಪಟ್ಟು ಇದು ಬೆಳೆಯುವುದು. ಎತ್ತರವು ಸಾಮಾನ್ಯವಾಗಿ 40ರಿಂದ 50 ಮೀಟರು; ಅಪೂರ್ವವಾಗಿ 60 ಮೀಟರನ್ನು ಮುಟ್ಟುವುದೂ ಉಂಟು. ಕಾಂಡದ ವ್ಯಾಸವು 3 ಮೀಟರಿನವರೆಗೆ ಬೆಳೆಯಬಲ್ಲುದು. ಎಲೆಗಳು ಅಗಲವಿಲ್ಲದ ಸೂಜಿಗಳು; 2.5ರಿಂದ 5 ಸೆಂಟಿಮೀಟರು ಉದ್ದ. ಇವು ಕಿರುಗೊಂಬೆಗಳ ತುದಿಯಲ್ಲಿ ಇಪ್ಪತ್ತು ಮೂವತ್ತು ಒಟ್ಟಾಗಿ ಗೊಂಚಲುಗೊಂಡಿರುತ್ತವೆ. ಫಲವು ಪೀಪಾಯಿಯ ಆಕಾರದ್ದು. ಕೊಂಬೆಯ ಮೇಲೆ ನೆಟ್ಟಗೆ ನಿಂತಿದ್ದು, ಬಲಿತಮೇಲೆ ಅಲ್ಲಿಯೇ ಪದರಪದರವಾಗಿ ಉದುರಿಹೋಗುವುದು.

ಸರಲವೃಕ್ಷದೊಡನೆ ಇದನ್ನು ಬೆರಸಬಾರದು. ಸರಲವೆಂಬುದು ಉತ್ತರದವರು ಚೀಡ್ ಅಥವಾ ಚೀರ್ ಎಂದು ಕರೆಯುವ ಮರ. ಅದರ ಸೂಜಿಗಳು ನೀಳವಾದುವು. ಮೂರು ಮೂರು ಒಂದು ಕಟ್ಟಾಗಿರುತ್ತವೆ. ಅದು ದೇವದಾರುವಿಗಿಂತ ಕೆಳಗಿನ ಇಳಿಜಾರುಗಳಲ್ಲಿ, ಸುಮಾರು 500ರಿಂದ 2000 ಮೀಟರುಗಳ ನಡುವೆ ಬೆಳೆಯುವುದು. ಅದರ ರಾಳವನ್ನೇ ಅಮರನು ಪಾಯಸ, ಶ್ರೀವಾಸ, ಶ್ರೀವೇಷ್ಟ, ಸರಲದ್ರವವೆಂದು ಹೇಳಿರುವುದು. ಇಂದಿನ ಟರ್ಪೆಂಟೈನು ಅದರಿಂದಲೇ ಇಳಿಯುವುದು.

ದೇವದಾರುವು ಮೆಲ್ಲಗೆ ಬೆಳೆದು ಬಹುಕಾಲ ಬದುಕುವ ಮರ. ಡೆಹರಾಡೂನಿನ ಅರಣ್ಯಸಂಶೋಧನಸಂಸ್ಥೆಯ ಸಂಗ್ರಹಾಲಯದಲ್ಲಿ ಸುಮಾರು 700 ವರ್ಷ ಬಾಳಿದ ದೇವದಾರುವಿನ ಅಡ್ಡಸೀಳೊಂದನ್ನು ಇಟ್ಟಿರುವರು. ಒಂದೊಂದು ವರ್ಷಕ್ಕೂ ಒಂದೊಂದು ಬಳೆ. ಮಳೆಯು ಚೆನ್ನಾಗಿದ್ದ ವರ್ಷ ಅಗಲವಾಗಿಯೂ ಕ್ಷಾಮದ ವರ್ಷ ಸಂಕುಚಿತವಾಗಿಯೂ ಇರುವ ಈ ಬಳೆಗಳನ್ನು ಅಳೆದು, ಲಕ್ನೋ ನಗರದ ಬೀರಬಲ್ ಸಾಹನಿ ಸಂಸ್ಥೆಯ ವಿದ್ವಾಂಸರು ಹಿಮಾಲಯದ ಗತಶತಮಾನಗಳ ಹವೆಯನ್ನು ಓದುತ್ತಿರುವರು. ಶಾಸನವಿಲ್ಲದ ನಾಡಿನಲ್ಲಿ ಮರವೇ ಶಾಸನವಾಗಿರುವುದು.

3. ದಾರುವಿನ ಗುಣಗಳು

ಮರಗೆಲಸದ ಶಾಸ್ತ್ರದಲ್ಲಿ ಮರಗಳನ್ನು ಮೃದುದಾರು, ಕಠಿನದಾರು ಎಂದು ಎರಡಾಗಿ ವಿಂಗಡಿಸುವರು. ಈ ಹೆಸರುಗಳು ವಾಚಕರನ್ನು ತಪ್ಪುದಾರಿಗೆ ಎಳೆಯಬಾರದು. ಇಲ್ಲಿ ಮೃದುತ್ವವು ಉಗುರಿನಿಂದ ಒತ್ತಿ ತಿಳಿಯುವಂಥದಲ್ಲ; ಇದು ವರ್ಗಸಂಜ್ಞೆ. ಸೂಜಿಯೆಲೆಯ ಮರಗಳ ದಾರುವಿನಲ್ಲಿ ನೀರನ್ನು ಮೇಲಕ್ಕೊಯ್ಯುವ ದೊಡ್ಡ ನಾಳಗಳಿರುವುದಿಲ್ಲ. ಒಂದೇ ಬಗೆಯ ನೀಳವಾದ ಸೂಕ್ಷ್ಮಕೋಶಗಳು ಒತ್ತಾಗಿ ಸೇರಿ ನೀರನ್ನು ಒಯ್ಯುವ ಕೆಲಸವನ್ನೂ ಮರವನ್ನು ಎತ್ತಿಹಿಡಿಯುವ ಕೆಲಸವನ್ನೂ ಮಾಡುತ್ತವೆ. ತೇಗ, ಬೀಟೆ, ಹಲಸು ಮೊದಲಾದ ಅಗಲ ಎಲೆಯ ಮರಗಳಲ್ಲಿ ನಾಳಗಳುಂಟು. ತೇಗದ ಹಲಗೆಯ ತುದಿಯನ್ನು ನೋಡಿದರೆ ಸೂಜಿಯ ಮೊನೆಯಿಂದ ಚುಚ್ಚಿದಂತೆ ಅವು ಕಾಣುವುವು. ಈ ಭೇದವೇ ಮೃದು–ಕಠಿನಭೇದ. ಆದುದರಿಂದ ಹತ್ತಿಯಂತೆ ಹಗುರವಾದ ಬೂರುಗವು ಕಠಿನದಾರುವರ್ಗಕ್ಕೂ, ತೊಲೆಯಾಗಿ ಶತಮಾನಗಳವರೆಗೆ ಭಾರವನ್ನು ಹೊರುವ ದೇವದಾರುವು ಮೃದುದಾರುವರ್ಗಕ್ಕೂ ಸೇರುವುದು. ಭಾರತದ ಮೃದುದಾರುಗಳಲ್ಲಿ ಬಲದಲ್ಲಿಯೂ ಬಾಳಿಕೆಯಲ್ಲಿಯೂ ದೇವದಾರುವೇ ಅಗ್ರಗಣ್ಯವೆಂದು ದಾರುಶಾಸ್ತ್ರಜ್ಞರ ಮತ.

ದೇವದಾರುವಿನ ಹೊರಮರವು ಬೆಳ್ಳಗಿರುವುದು. ಒಳಗಿನ ಚೇಗು ನಸುಹಳದಿ ಬೆರೆತ ಕಂದು. ಪೀತದಾರುವೆಂಬ ಹೆಸರಿಗೆ ಇದು ವಿವರಣೆ. ವರ್ಷದ ಬಳೆಗಳು ಸ್ಪಷ್ಟವಾಗಿ ಕಾಣುವುವು. ಎಳೆಯು ಬಹುಮಟ್ಟಿಗೆ ನೇರ, ನಯವು ಮಧ್ಯಮ. ಮುಟ್ಟಿದರೆ ಜಿಡ್ಡು, ಹೊಸದಾಗಿ ಕೊಯ್ದಾಗ ತೀಕ್ಷ್ಣವಾದ ಪರಿಮಳ. ಹಲವು ವರ್ಷದ ಹಲಗೆಯನ್ನು ಮತ್ತೆ ಕೀಸಿದರೂ ಆ ವಾಸನೆಯು ಮರುಕಳಿಸುವುದು. ಪೂತಿಶಬ್ದವು ದುರ್ಗಂಧವಾಚಕವಾದರೂ, ಇಲ್ಲಿ ಅದು ತಡೆಯಲಾಗದ ಕಟುವಾಸನೆಯನ್ನೇ ಹೇಳುವುದೆಂದು ಗ್ರಹಿಸಬೇಕು.

ಒಣಗಿದ ದೇವದಾರುವಿನ ತೂಕವು ಘನ ಅಡಿಗೆ ಸುಮಾರು 35 ಪೌಂಡು, ಎಂದರೆ ಘನ ಮೀಟರಿಗೆ ಸುಮಾರು 560 ಕಿಲೋಗ್ರಾಂ. ನೀರಿನ ತೂಕವು ಘನ ಮೀಟರಿಗೆ 1000 ಕಿಲೋಗ್ರಾಂ. ತೇಗವು ಇದಕ್ಕಿಂತ ಸ್ವಲ್ಪ ಹೆಚ್ಚು ಭಾರ. ಹೀಗೆ ಇದು ಹಗುರವಾಗಿದ್ದೂ ಬಲವುಳ್ಳದ್ದು. ಬಾಳಿಕೆಗೆ ಕಾರಣವು ಚೇಗಿನಲ್ಲಿ ತುಂಬಿರುವ ತೈಲ. ಆ ತೈಲದ ದೆಸೆಯಿಂದ ಗೆದ್ದಲೂ ಬೂಷ್ಟೂ ಚೇಗಿಗೆ ಸುಲಭವಾಗಿ ಹತ್ತುವುದಿಲ್ಲ. ಹೊರಗಿನ ಬಿಳಿಯ ಮರಕ್ಕೆ ಈ ರಕ್ಷಣೆಯಿಲ್ಲ. ‘ದೇವದಾರು ಕೆಡುವುದಿಲ್ಲ’ವೆಂಬ ಮಾತು ಚೇಗಿಗೆ ಮಾತ್ರ ಸಲ್ಲತಕ್ಕದ್ದು, ಇದನ್ನು ಮರೆತು ಹೊರಮರ ಸಮೇತವಾಗಿ ಕಟ್ಟಿದವನು ನಷ್ಟಪಡುವನು.

ಭಾವಪ್ರಕಾಶಕಾರನು ದೇವದಾರುವನ್ನು ಲಘು, ಸ್ನಿಗ್ಧವೆಂದು ವರ್ಣಿಸಿರುವನು. ವೈದ್ಯನ ಲಘುತ್ವವು ಜಠರಾಗ್ನಿಯ ಲೆಕ್ಕದ್ದು, ತಕ್ಕಡಿಯದಲ್ಲ. ಆದರೂ ಬಡಗಿಯನ್ನು ಕೇಳಿದರೆ ಅವನು ಹೇಳುವ ಮೊದಲ ಎರಡು ಗುಣಗಳೂ ಇವೇ: ಹಗುರ, ಜಿಡ್ಡು.

4. ಬಡಗಿಯ ಕೈಯಲ್ಲಿ

ಈ ಮರವು ಬೇಗ ಒಣಗುವುದು. ಒಣಗುವಾಗ ಹೆಚ್ಚಾಗಿ ಸೊಟ್ಟಗಾಗುವುದಿಲ್ಲ. ಗರಗಸಕ್ಕೂ ಕೀಸುಳಿಗೂ ಸುಲಭವಾಗಿ ವಶವಾಗುವುದು. ಕೀಸಿದ ಮೈಯು ನುಣುಪಾಗಿ ಬರುವುದು. ಮರಕ್ಕೆ ಇರುವ ಮುಖ್ಯದೋಷವು ಗಂಟು. ಕೊಂಬೆಗಳು ಬುಡದವರೆಗೂ ಇರುವ ಮರದಲ್ಲಿ ಗಂಟುಗಳು ಹೆಚ್ಚು. ಒತ್ತಾದ ಬನದಲ್ಲಿ ಬೆಳೆದು ಕೆಳಕೊಂಬೆಗಳು ಉದುರಿದ ಮರದಲ್ಲಿ ಕಡಮೆ. ಗಂಟಿನ ಸುತ್ತ ಎಳೆಯು ತಿರುಗುವುದರಿಂದ ಅಲ್ಲಿ ಉಳಿಯು ಎಡವುವುದು, ಹಲಗೆಯ ಬಲವೂ ಕುಂದುವುದು.

ಎರಡನೆಯ ದೋಷವು ಗುಣದಿಂದಲೇ ಹುಟ್ಟಿದುದು. ಬಾಳಿಕೆಯನ್ನು ಕೊಡುವ ಆ ಜಿಡ್ಡೇ ಬಣ್ಣವನ್ನೂ ವಾರ್ನಿಷನ್ನೂ ಹಿಡಿಯಗೊಡುವುದಿಲ್ಲ. ಬಳಿದ ಮೇಲೆ ಒಳಗಿನಿಂದ ತೈಲವು ಒಸರಿ ಕಲೆಯಾಗುವುದು. ಅದಕ್ಕಾಗಿ ಗಂಟುಗಳ ಮೇಲೆ ಮೊದಲು ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಳಿದು, ಆಮೇಲೆ ಬಣ್ಣವನ್ನು ಹಚ್ಚುವುದು ಸೂಜಿಯೆಲೆಯ ಮರಗಳಿಗೆಲ್ಲ ರೂಢಿಯಾದ ಉಪಾಯ. ವಾಸನೆಯನ್ನು ಹೀರುವ ತಿನಿಸುಗಳನ್ನು ತುಂಬಲು ಇದರ ಪೆಟ್ಟಿಗೆಯು ತಕ್ಕುದಲ್ಲ. ಬಟ್ಟೆಯನ್ನು ಹುಳುವಿನಿಂದ ಕಾಪಾಡಲು ಅದೇ ವಾಸನೆಯು ಹಿತ. ಒಂದೇ ಗುಣವು ಒಂದು ಕಡೆ ದೋಷವೂ ಇನ್ನೊಂದು ಕಡೆ ಉಪಕಾರವೂ ಆಗುವುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವಿಲ್ಲ. ತೊಲೆ, ಜಂತೆ, ಬಾಗಿಲು, ಕಿಟಕಿ, ಚೌಕಟ್ಟು, ನೆಲದ ಹಲಗೆ, ಕೆತ್ತನೆ, ಪೀಠೋಪಕರಣ, ಪೆನ್ಸಿಲುಗಳವರೆಗೆ ಇದರ ಉಪಯೋಗವು ಹಬ್ಬಿರುವುದು.

ನಮ್ಮ ಪ್ರಾಚೀನರೂ ಇದನ್ನು ಅರಿತಿದ್ದರು. ವರಾಹಮಿಹಿರನು ಬೃಹತ್ಸಂಹಿತೆಯ ಶಯ್ಯಾಸನಲಕ್ಷಣದಲ್ಲಿ ಮಂಚಕ್ಕೂ ಪೀಠಕ್ಕೂ ಶುಭವಾದ ಮರಗಳನ್ನು ಎಣಿಸುವಾಗ ಚಂದನ, ಶಾಲ, ಶಾಕ, ಶಿಂಶಪಾದಿಗಳ ಜತೆಯಲ್ಲಿ ಸುರದಾರುವನ್ನೂ ಹೇಳಿರುವನು. ಪ್ರತಿಮೆಗೆ ಮರವನ್ನು ತರಲು ಕಾಡಿಗೆ ಹೋಗುವ ವನಸಂಪ್ರವೇಶಾಧ್ಯಾಯದಲ್ಲಿಯೂ ದ್ವಿಜರಿಗೆ ವಿಹಿತವಾದ ಮರಗಳಲ್ಲಿ ಮೊದಲು ನಿಲ್ಲುವುದು ಸುರದಾರುವೇ. ಶಾಕವೆಂಬುದು ನಮ್ಮ ತೇಗ. ಅವಂತಿಯ ದೈವಜ್ಞನಿಗೆ ದಕ್ಷಿಣದ ತೇಗವೂ ಉತ್ತರದ ದೇವದಾರುವೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದುವು.

5. ಮನೆ, ಸೇತುವೆ, ರೈಲುಹಾದಿ

ಹರಪ್ಪದ ಶ್ಮಶಾನದಲ್ಲಿ 1946ರಲ್ಲಿ ಅಗೆದಾಗ ದೊರೆತ ಶವಪೆಟ್ಟಿಗೆಯೊಂದರ ಮುಚ್ಚಳವನ್ನು ದೇವದಾರುವೆಂದು ಗುರುತಿಸಿರುವರು. ಹರಪ್ಪದ ಬಯಲಿನಲ್ಲಿ ಈ ಮರವು ಬೆಳೆಯದು. ಆದರೆ ಆ ಪಟ್ಟಣವು ರಾವಿಯ ಹಳೆಯ ಪಾತ್ರದ ಮೇಲಿದ್ದಿತು. ರಾವಿಯಾದರೋ ಚಂಬಾ ಸೀಮೆಯ ದೇವದಾರುಬನಗಳನ್ನು ಹಾದು ಇಳಿಯುವ ನದಿ. ನೀರಿಗಿಂತ ಹಗುರವಾದ ಮರವನ್ನು ಹೊಳೆಯಲ್ಲಿ ತೇಲಿಬಿಟ್ಟರೆ ಬಯಲಿಗೆ ತಾನೇ ಬಂದು ಸೇರುವುದು. ಇಪ್ಪತ್ತನೆಯ ಶತಮಾನದವರೆಗೂ ಹೀಗೆಯೇ ನಡೆಯುತ್ತಿದ್ದಿತು.

ಕಾಶ್ಮೀರದ ಶ್ರೀನಗರದಲ್ಲಿ ಝೇಲಂ ನದಿಯ ಹಳೆಯ ಸೇತುವೆಗಳು ದೇವದಾರುವಿನ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿದ ಕಾಲುಗಳ ಮೇಲೆ ನಿಂತಿದ್ದುವು. ಅದೇ ನಗರದ ಜಾಮಿಯಾ ಮಸೀದಿಯಲ್ಲಿ 378 ದೇವದಾರುಕಂಬಗಳಿವೆ. ಹಿಮಾಚಲಪ್ರದೇಶದ ಮನಾಲಿಯಲ್ಲಿ ದೇವದಾರುಬನದ ಮಧ್ಯದಲ್ಲಿ 1553ರಲ್ಲಿ ಕಟ್ಟಿದ ಹಿಡಿಂಬಾದೇವಿಯ ಗುಡಿಯೂ ಈ ಸಂಪ್ರದಾಯದ್ದೇ. ಅಲ್ಲಿಯ ಹಳ್ಳಿಗಳಲ್ಲಿ ಕಾಠಕುಣಿಯೆಂಬ ಕಟ್ಟುವ ಕ್ರಮವುಂಟು. ಗೋಡೆಗೆ ಒಂದು ವರಸೆ ದೇವದಾರುತೊಲೆ, ಅದರ ಮೇಲೆ ಒಂದು ವರಸೆ ಗಾರೆಯಿಲ್ಲದ ಕಲ್ಲು, ಮತ್ತೆ ತೊಲೆ. ಮೂಲೆಗಳಲ್ಲಿ ತೊಲೆಗಳನ್ನು ಒಂದರ ಮೇಲೊಂದು ಹೆಣೆದು ಮರದ ಗೂಟಗಳಿಂದ ಬಿಗಿಯುವರು. ಕಲ್ಲು ಭಾರವನ್ನು ಕೊಡುವುದು, ಮರವು ಕಟ್ಟನ್ನು ಕೊಡುವುದು. ಭೂಮಿಯು ನಡುಗಿದಾಗ ಗೋಡೆಯು ಬಿರಿಯದೆ ತೂಗಾಡಿ ನಿಲ್ಲುವುದು. 1905ರ ಕಾಂಗಡಾ ಭೂಕಂಪದಲ್ಲಿ ಕಲ್ಲುಗಾರೆಯ ಕಟ್ಟಡಗಳನೇಕವು ಉರುಳಿದಾಗ ನಗ್ಗರದ ಕೋಟೆಯಂಥ ಮರಗಲ್ಲಿನ ಕಟ್ಟಡವು ಉಳಿದುದನ್ನು ಅಲ್ಲಿಯವರು ಇಂದಿಗೂ ಹೇಳುವರು.

ಈ ಮರಕ್ಕೆ ದೊಡ್ಡ ವಿಪತ್ತು ಬಂದುದು ರೈಲಿನಿಂದ. 1853ರಲ್ಲಿ ನಮ್ಮ ದೇಶದಲ್ಲಿ ರೈಲು ಓಡಲಾರಂಭಿಸಿದ ಮೇಲೆ ಹಳಿಗಳ ಕೆಳಗೆ ಹಾಸುವ ಅಡ್ಡತೊಲೆಗಳು ಲೆಕ್ಕವಿಲ್ಲದೆ ಬೇಕಾದುವು. ಯಾವ ಔಷಧೋಪಚಾರವೂ ಇಲ್ಲದೆ ಮಣ್ಣಿನ ಮೇಲೆ ಬಾಳಬಲ್ಲ ಮರಗಳು ಮುಖ್ಯವಾಗಿ ಮೂರೇ: ತೇಗ, ಸಾಲ, ದೇವದಾರು. ದೊಡ್ಡ ಹಳಿಯ ಅಡ್ಡತೊಲೆಯ ಅಳತೆಯು 9 ಅಡಿ ಉದ್ದ, 10 ಅಂಗುಲ ಅಗಲ, 5 ಅಂಗುಲ ದಪ್ಪ. ಮೇಲೆ ಹೇಳಿದ ತೂಕದಂತೆ ದೇವದಾರುವಿನಲ್ಲಿ ಅದು ಸುಮಾರು 50 ಕಿಲೋಗ್ರಾಂ ತೂಗುವುದು. ಒಂದು ಮೈಲಿ ಹಾದಿಗೆ ಇಂಥವು 1700ಕ್ಕೂ ಮೇಲ್ಪಟ್ಟು ಬೇಕು. ಟೆಹರಿಯ ರಾಜನಿಂದ ಕಾಡನ್ನು ಗುತ್ತಿಗೆ ಹಿಡಿದ ಫ್ರೆಡರಿಕ್ ವಿಲ್ಸನ್ ಎಂಬವನು ಹರ್ಸಿಲದಲ್ಲಿ ನೆಲಸಿ, ಭಾಗೀರಥಿಯಲ್ಲಿ ದಿಮ್ಮಿಗಳನ್ನು ತೇಲಿಬಿಟ್ಟು ಅಪಾರ ಧನವನ್ನು ಗಳಿಸಿದನು. ಕಾಡು ಕರಗುತ್ತಿರುವುದನ್ನು ಕಂಡು ಸರಕಾರವು 1864ರಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿ ಡೀಟ್ರಿಕ್ ಬ್ರಾಂಡಿಸನನ್ನು ಮುಖ್ಯಾಧಿಕಾರಿಯಾಗಿ ನೇಮಿಸಿತು. ಅದು ಕಾಡಿಗೆ ರಕ್ಷಣೆಯಾಯಿತೆಂಬುದೂ ನಿಜ. ರೈಲಿಗೆ ಮರವು ತಪ್ಪದೆ ದೊರೆಯಲೆಂಬ ಉದ್ದೇಶವು ಅದರ ಹಿಂದಿದ್ದಿತೆಂಬುದೂ ನಿಜ. ಕಬ್ಬಿಣವೂ ಕಾಂಕ್ರೀಟೂ ಬಂದ ಮೇಲೆ ರೈಲಿನ ಹಸಿವು ಅಡಗಿತು. 1981ರಲ್ಲಿ ಅಂದಿನ ಉತ್ತರಪ್ರದೇಶದ ಪರ್ವತಪ್ರಾಂತದಲ್ಲಿ 1000 ಮೀಟರಿಗಿಂತ ಮೇಲೆ ವ್ಯಾಪಾರಕ್ಕಾಗಿ ಹಸಿಮರವನ್ನು ಕಡಿಯುವುದು ನಿಷಿದ್ಧವಾಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅರಣ್ಯದ ಕಡಿತಕ್ಕೆ ಇನ್ನಷ್ಟು ಬಿಗಿಯಾದ ಕಟ್ಟುಗಳನ್ನು ವಿಧಿಸಿತು. ಇಂದು ದೇವದಾರುವು ಹಿಮಾಚಲಪ್ರದೇಶದ ರಾಜ್ಯವೃಕ್ಷ, ಪಾಕಿಸ್ತಾನದ ರಾಷ್ಟ್ರವೃಕ್ಷ.

6. ತೈಲವೂ ವೈದ್ಯವೂ

ದೇವದಾರುವಿನ ಚೇಗನ್ನು ಹಬೆಯಲ್ಲಿಟ್ಟು ಬಟ್ಟಿಯಿಳಿಸಿದರೆ ತೈಲವು ದೊರೆಯುವುದು. ಅದರ ಮುಖ್ಯಾಂಶಗಳಿಗೆ ಹಿಮಾಚಲೀನ್ ಎಂದು ರಸಾಯನಶಾಸ್ತ್ರದಲ್ಲಿ ಹೆಸರು. ಸುಖದೇವ್ ಮೊದಲಾದ ಭಾರತೀಯ ವಿಜ್ಞಾನಿಗಳು ಇವುಗಳ ರಚನೆಯನ್ನು ನಿರ್ಣಯಿಸಿದರು. ಹಿಮವಂತನ ಮರದಲ್ಲಿ ಕಂಡ ದ್ರವ್ಯಕ್ಕೆ ಹಿಮಾಚಲದ ಹೆಸರೇ ಅಂಟಿರುವುದು ಸಂಸ್ಕೃತಜ್ಞರಿಗೆ ಸಂತೋಷವನ್ನುಂಟುಮಾಡುವ ವಿಷಯ.

ಆಯುರ್ವೇದದಲ್ಲಿ ಸುಶ್ರುತನು ವಾತವನ್ನು ಶಮನಗೊಳಿಸುವ ದ್ರವ್ಯಗಳನ್ನು ಭದ್ರದಾರುವಿನಿಂದಲೇ ಆರಂಭಿಸುತ್ತಾನೆ. ವಾಗ್ಭಟನ ವಾತಘ್ನಗಣಕ್ಕೂ ಭದ್ರದಾರುವೇ ಮೊದಲು. ಬಾಣಂತಿಯರಿಗೆ ಕೊಡುವ ದೇವದಾರ್ವಾದಿ ಕಷಾಯವು ಇಂದಿಗೂ ಬಳಕೆಯಲ್ಲಿರುವುದು. ಇಲ್ಲಿಯೇ ಹೆಸರಿನ ಗೊಂದಲವು ಪಾಠಶಾಲೆಯ ಗೋಡೆಯನ್ನು ದಾಟಿ ಮನೆಯೊಳಕ್ಕೆ ಬರುವುದು. ದಕ್ಷಿಣದ ಅಂಗಡಿಗಳಲ್ಲಿ ದೇವದಾರುವೆಂದು ಕೇಳಿದರೆ ನಮ್ಮ ಒಣಗಾಡಿನ ಕೆಂಪು ಚೇಗಿನ ತುಂಡು ದೊರೆಯುವುದುಂಟು. ಅದು ಸುವಾಸನೆಯುಳ್ಳದ್ದೇ, ಆದರೆ ಕುಲವೇ ಬೇರೆ, ತೈಲವೇ ಬೇರೆ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಲು ಹೆಸರಿನ ಸಾಮ್ಯವೊಂದೇ ಆಧಾರವಾಗಲಾರದು. ಗುರುತಿಸುವ ಉಪಾಯವು ಸುಲಭ. ಹಿಮಾಲಯದ್ದು ಹಗುರ, ಹಳದಿಗಂದು, ಬಳೆಗಳು ಸ್ಪಷ್ಟ, ನಾಳದ ರಂಧ್ರಗಳಿಲ್ಲ. ನಮ್ಮ ನಾಡಿನದು ಭಾರ, ಕೆಂಗಂದು, ಗಟ್ಟಿ; ಕೊಯ್ದ ತುದಿಯನ್ನು ಮಸೂರದಿಂದ ನೋಡಿದರೆ ನಾಳಗಳ ಸೂಕ್ಷ್ಮರಂಧ್ರಗಳು ಕಾಣುವುವು.

7. ಕಾವ್ಯಸ್ಥಳಗಳು

ಇನ್ನು ಕಾವ್ಯಕ್ಕೆ ಬರುವೆವು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ಸೈನ್ಯವು ಹಿಮವತ್ಪ್ರದೇಶದ ಬೀಡುಗಳನ್ನು ಬಿಟ್ಟು ಹೋದ ಮೇಲೆ, ಆನೆಗಳ ಕೊರಳ ಹಗ್ಗಗಳು ಉಜ್ಜಿ ತೊಗಟೆಯು ಗಾಯಗೊಂಡ ದೇವದಾರುಗಳೇ ಕಿರಾತರಿಗೆ ಆ ಆನೆಗಳ ಎತ್ತರವೆಷ್ಟೆಂಬುದನ್ನು ಹೇಳಿದುವೆಂದು ಕವಿಯು ವರ್ಣಿಸುತ್ತಾನೆ. ನಮ್ಮ ಒಣಗಾಡಿನ ಗಿಡ್ಡ ಮರವನ್ನು ಮನಸ್ಸಿನಲ್ಲಿಟ್ಟು ಇದನ್ನು ಓದಿದರೆ ವರ್ಣನೆಯು ನಿಲ್ಲುವುದೇ ಇಲ್ಲ. ಆನೆಯನ್ನು ಕಟ್ಟಿದರೆ ಆ ಮರವೇ ಬೇರುಸಹಿತ ಕಿತ್ತುಬಂದೀತು. ಉದ್ಯಾನದ ಕಂಬದ ಮರವನ್ನು ನೆನೆದರೂ ಅಷ್ಟೇ. ಆಳೆತ್ತರವನ್ನು ಎಷ್ಟೋ ಮಡಿ ಮೀರಿದ, ದಪ್ಪನಾದ ತೊಗಟೆಯುಳ್ಳ, ಅಲುಗದ ಕಾಂಡದಲ್ಲಿ ಮಾತ್ರ ಕೊರಳೆತ್ತರದ ಗುರುತು ಅಳತೆಗೋಲಿನ ಗೆರೆಯಂತೆ ಉಳಿಯುವುದು. ಇಲ್ಲಿ ಅಲಂಕಾರದ ಚಮತ್ಕಾರವೆಲ್ಲವೂ ಮರದ ಪ್ರಮಾಣವನ್ನು ಅವಲಂಬಿಸಿದೆ.

ಅದರ ಹಿಂದಣ ಪದ್ಯದಲ್ಲಿ ಆನೆಗಳನ್ನು ಕಟ್ಟಿದ ಸರಲವೃಕ್ಷಗಳು ಬಂದಿವೆ. ಮೊದಲು ಸರಲ, ಬಳಿಕ ದೇವದಾರು. ಸರಲವು ಕೆಳಗಿನ ಇಳಿಜಾರಿನದು, ದೇವದಾರುವು ಮೇಲಿನದೆಂಬುದನ್ನು ನೆನೆದರೆ, ಎರಡು ಪದ್ಯಗಳ ಕ್ರಮದಲ್ಲಿ ಸೈನ್ಯವು ಬೆಟ್ಟವನ್ನೇರುತ್ತಿರುವುದು ಕಾಣುವುದು. ಎರಡನ್ನೂ ‘ವೃಕ್ಷವಿಶೇಷ’ವೆಂದರೆ ಏರಿಕೆಯು ಅಳಿಸಿಹೋಗುವುದು.

ಅದೇ ಕಾವ್ಯದ ದ್ವಿತೀಯಸರ್ಗದಲ್ಲಿ ಶಿವನು ಮಗನೆಂದು ಭಾವಿಸಿದ, ಗೌರಿಯು ಹೊಂಗೊಡದ ನೀರೆರೆದು ಬೆಳೆಸಿದ ದೇವದಾರುವನ್ನು ಕಾಯಲು ಸಿಂಹವು ನೇಮಕವಾಗಿರುವುದಷ್ಟೆ. ಕಾಡಾನೆಯು ಕೆನ್ನೆಯನ್ನುಜ್ಜಿ ಅದರ ತೊಗಟೆಯನ್ನು ಕಿತ್ತಾಗ, ಅಸುರರ ಬಾಣಗಳಿಂದ ಗಾಯಗೊಂಡ ಕುಮಾರನಿಗಾಗಿ ಎಂಬಂತೆ ದೇವಿಯು ಶೋಕಿಸಿದಳೆಂದು ಸಿಂಹವು ಹೇಳುವುದು. ಒಂದು ಮರದ ತೊಗಟೆಗೆ ಇಷ್ಟು ಶೋಕವೇಕೆಂದು ವಿದ್ಯಾರ್ಥಿಯು ಕೇಳಿದರೆ, ನೂರಾರು ವರ್ಷ ತೆಗೆದುಕೊಂಡು ಬೆಳೆಯುವ ಮರವೆಂಬುದೇ ಉತ್ತರ. ಅಂಥ ಮರದಲ್ಲಿ ಪುತ್ರಭಾವನೆಯು ಉತ್ಪ್ರೇಕ್ಷೆಯಾಗಿ ತೋರದೆ ಸಹಜವಾಗಿ ತೋರುವುದು.

ಉತ್ತರಮೇಘದಲ್ಲಿ ದೇವದಾರುಗಳ ಕಿಸಲಯಪುಟಗಳನ್ನು ಒಡೆದು, ಅವುಗಳಿಂದ ಸೋರುವ ಕ್ಷೀರದಿಂದ ಸುಗಂಧಿಗಳಾಗಿ ದಕ್ಷಿಣಕ್ಕೆ ಬೀಸುವ ಹಿಮಗಿರಿಯ ಗಾಳಿಗಳನ್ನು ಯಕ್ಷನು ಅಪ್ಪಿಕೊಳ್ಳುತ್ತಾನೆ. ಮಾವಿನ ಚಿಗುರನ್ನು ನೆನೆದು ಇಲ್ಲಿ ಪುಟಶಬ್ದವನ್ನು ವಿವರಿಸುವುದು ಕಷ್ಟ. ದೇವದಾರುವಿನ ಎಳೆಯ ಸೂಜಿಗಳು ಇಪ್ಪತ್ತು ಮೂವತ್ತು ಒಟ್ಟಾಗಿ ಒಂದು ಕಿರುದೊನ್ನೆಯಂತೆ ಹೊರಡುವುದನ್ನು ನೋಡಿದರೆ ಪುಟಶಬ್ದದ ಔಚಿತ್ಯವು ತಾನೇ ಮನಸ್ಸಿಗೆ ಹೊಳೆಯುವುದು. ಆ ಸೂಜಿಗಳೊಳಗೆ ರಾಳದ ನಾಳಗಳುಂಟು. ಒಡೆದೊಡನೆಯೇ ರಾಳವು ಒಸರಿ ಗಂಧವು ಹರಡುವುದು. ಮೊದಲು ಭಂಗ, ಒಡನೆಯೇ ಸ್ರಾವ, ಆಮೇಲೆ ಸೌರಭವೆಂಬ ಕವಿಯ ಕ್ರಮವು ವಸ್ತುಸ್ಥಿತಿಯ ಕ್ರಮವೇ ಆಗಿದೆ.

ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಶಿವನು ಕುಳಿತಿರುವ ವೇದಿಕೆಯು ದೇವದಾರುದ್ರುಮದ್ದೆಂದು ಸಮಾಸದಲ್ಲಿ ಹೇಳಿದೆ. ದೇವದಾರುವಿನಿಂದ ಮಾಡಿದ ಮಣೆಯೋ, ದೇವದಾರುವಿನ ಬುಡದ ಜಗಲಿಯೋ ಎಂಬ ಸಂದೇಹಕ್ಕೆ ಎಡೆಯುಂಟು. ದಾರುವೆಂಬುದು ಮರಮುಟ್ಟನ್ನೂ, ದ್ರುಮವೆಂಬುದು ನೆಲದಲ್ಲಿ ನಿಂತ ಮರವನ್ನೂ ಹೇಳುವ ಶಬ್ದ. ಮಣೆಯೇ ಕವಿಯ ಅಭಿಪ್ರಾಯವಾಗಿದ್ದರೆ ದೇವದಾರುಶಬ್ದದ ಮೇಲೆ ದ್ರುಮಶಬ್ದವನ್ನು ಸೇರಿಸುವ ಅಗತ್ಯವಿರಲಿಲ್ಲ. ಆದುದರಿಂದ ಬದುಕಿರುವ ಮರದ ಬುಡದಲ್ಲಿಯ ಜಗಲಿಯೆಂದು ಹೇಳುವುದೇ ಯುಕ್ತವೆಂದು ನಮಗೆ ತೋರುವುದು.

8. ಉಪಸಂಹಾರ

ಒಂದು ಆಕ್ಷೇಪವು ಬರಬಹುದು. ರಸವೇ ಕಾವ್ಯದ ಆತ್ಮವಾಗಿರುವಾಗ, ಮರದ ತೂಕವನ್ನೂ ಎಳೆಯನ್ನೂ ವಿಚಾರಿಸುವುದು ಬಡಗಿಯ ಕೆಲಸವಲ್ಲವೇ ಎಂದು. ರಸವು ವಿಭಾವವನ್ನು ಬಿಟ್ಟು ನಿಲ್ಲಲಾರದೆಂಬುದನ್ನು ಅಲಂಕಾರಶಾಸ್ತ್ರವೇ ಹೇಳಿರುವುದು. ಉದ್ದೀಪನವಿಭಾವವಾದ ಮರವು ಮನಸ್ಸಿನಲ್ಲಿ ಮೂಡದಿದ್ದರೆ ಉದ್ದೀಪನವೆಲ್ಲಿಯದು? ಬಡಗಿಯು ಬಲ್ಲುದನ್ನು ಪಂಡಿತನು ಅರಿಯದಿರುವುದು ಗೌರವದ ವಿಷಯವೇನೂ ಅಲ್ಲ.

ಆದುದರಿಂದ ಅಧ್ಯಾಪಕಮಹಾಶಯರಲ್ಲಿ ನಮ್ಮ ಪ್ರಾರ್ಥನೆಯಿಷ್ಟು: ದೇವದಾರುಶಬ್ದವು ಬಂದಾಗ ಅದು ಹಿಮಾಲಯದ ಸೂಜಿಯೆಲೆಯ ಮಹಾವೃಕ್ಷವೆಂದೂ, ನಮ್ಮ ನಾಡಿನಲ್ಲಿ ಆ ಹೆಸರಿನಿಂದ ಕರೆಯುವ ಮರವು ಬೇರೆಯೆಂದೂ ಎರಡು ಮಾತಿನಲ್ಲಿ ಹೇಳಬೇಕು. ಕೋಶಗಳನ್ನು ಪರಿಷ್ಕರಿಸುವ ವಿದ್ವಾಂಸರು ಎರಡು ಅರ್ಥಗಳನ್ನೂ ಬಿಡದೆ, ಬೆರಸದೆ, ಬೇರೆಬೇರೆಯಾಗಿ ಬರೆಯಬೇಕು. ಏಕೆಂದರೆ ಕನ್ನಡಿಗರ ದೇವದಾರುವೂ ಕನ್ನಡದ ಶಬ್ದವೇ, ಅದನ್ನು ತಪ್ಪೆಂದು ತಳ್ಳುವುದೂ ನ್ಯಾಯವಲ್ಲ. ಸಾಧ್ಯವಾದರೆ ಒಂದು ಗೇಣುದ್ದದ ದೇವದಾರುಹಲಗೆಯನ್ನು ತರಿಸಿ ಪಾಠಶಾಲೆಯಲ್ಲಿಟ್ಟುಕೊಳ್ಳಲಿ. ರಘುವಂಶದ ಪಾಠದ ದಿನ ಅದನ್ನು ಒಮ್ಮೆ ಕೀಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರೆ, ವ್ಯಾಖ್ಯಾನವು ಹೇಳದೆ ಬಿಟ್ಟುದನ್ನು ಆ ವಾಸನೆಯೇ ಹೇಳುವುದು.